ಜಡ್ಜ್ ಒಬ್ಬರಿಂದ ಆಗುವ ಕೆಲಸವಲ್ಲ: ಫ್ಯಾಮಿಲಿ ಕೋರ್ಟ್ ಮತ್ತು ಮಕ್ಕಳು

ಹೋದ ವರ್ಷ ಪಕ್ಕದ ಮನೆಯಾಕೆಯ ಜೊತೆ ಒಂದು ಫ್ಯಾಮಿಲಿ ಕೋರ್ಟಿಗೆ ಹೋಗಿದ್ದೆ. "ಅಕ್ಕಾ, ಒಬ್ಬಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ, ಸುಮ್ನೆ ಜೊತೆಗೆ ಬನ್ನಿ" ಎಂದು ಕರೆದಿದ್ದರು. ಅವರ ಮಗಳು ಆಗ ಎರಡನೇ ಕ್ಲಾಸು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಸ್ಕೂಲ್ ಬ್ಯಾಗನ್ನೇ ಮೇಜು ಮಾಡಿಕೊಂಡು ಕಾಪಿ ಬರೆಯುತ್ತಿದ್ದಳು. ಒತ್ತಕ್ಷರದ ಪದಗಳು. ಅಕ್ಕ, ಅಜ್ಜ, ಅಪ್ಪ, ಅಮ್ಮ. ಒಂದೊಂದೂ ಹತ್ತು ಸಲ.

ಹನ್ನೊಂದೂವರೆಗೆ ಬಾಗಿಲಲ್ಲಿ ನಿಂತವರು ಹೆಸರು ಕೂಗಿದರು. ಅಪ್ಪನ ಹೆಸರು, ಆಮೇಲೆ ಅಮ್ಮನ ಹೆಸರು. ಇಬ್ಬರೂ ಒಳಗೆ ಹೋದರು, ಐದೇ ನಿಮಿಷಕ್ಕೆ ಹೊರಗೆ ಬಂದರು. ಮುಂದಿನ ವಾಯಿದೆ ಒಂದೂವರೆ ತಿಂಗಳಿಗೆ ಬಿದ್ದಿತ್ತು. ಹುಡುಗಿ ಪೆನ್ಸಿಲ್ ಕೆಳಗಿಟ್ಟು, "ನನ್ನ ಹೆಸರು ಕೂಗಲೇ ಇಲ್ಲ" ಎಂದಳು. ಜಡ್ಜ್ ಆಂಟಿ ಏನಾದರೂ ಕೇಳಿದರೆ ಏನು ಹೇಳಬೇಕು ಎಂದು ರಾತ್ರಿಯೆಲ್ಲ ಯೋಚಿಸಿಕೊಂಡು ಬಂದಿದ್ದಳಂತೆ. ಶಾಲೆಗೆ ಕೊಡುವ ರಜೆ ಚೀಟಿಯಲ್ಲಿ ಮಾತ್ರ ಪ್ರತಿ ಸಲವೂ "ಊರಿಗೆ ಹೋಗಿದ್ದೆ" ಎಂದೇ ಇರುತ್ತಿತ್ತು.

ಅವತ್ತಿನಿಂದ ನನಗೊಂದು ಪ್ರಶ್ನೆ ಅಂಟಿಕೊಂಡಿತು. ಕೇಸು ನಡೆಯುವುದು ಈ ಮಗುವಿನ ಬಗ್ಗೆ. ಕೇಸಿನಲ್ಲಿ ಮಗುವಿನ ಹೆಸರೇ ಇಲ್ಲ. ಹಾಗಾದರೆ ಅಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ಇಂಥ ಒಂದು ಮನೆ ಈಗ ನಮ್ಮ ಬೀದಿಯಲ್ಲೋ, ನಮ್ಮ ಮಕ್ಕಳ ಕ್ಲಾಸಿನಲ್ಲೋ, ನಮ್ಮ ನೆಂಟರಲ್ಲೋ ಇದ್ದೇ ಇರುತ್ತದೆ. ಆದರೂ ಫ್ಯಾಮಿಲಿ ಕೋರ್ಟ್ ಹೇಗೆ ನಡೆಯುತ್ತದೆ, ಅದನ್ನು ಮಕ್ಕಳಿಗೆ ಒಳ್ಳೆಯದಾಗುವ ಹಾಗೆ ಬದಲಿಸಲು ಯಾರು ಯಾರು ಕೈ ಜೋಡಿಸಬೇಕು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಬುಡದಿಂದಲೇ ನೋಡೋಣ.

ಫ್ಯಾಮಿಲಿ ಕೋರ್ಟ್ ಬಂದಿದ್ದು ಯಾಕೆ?

ಮೊದಲು ಗಂಡ-ಹೆಂಡತಿಯ ಜಗಳವೂ ಜಮೀನಿನ ಜಗಳವೂ ಒಂದೇ ಸಿವಿಲ್ ಕೋರ್ಟಿನಲ್ಲಿ, ಒಂದೇ ರೀತಿಯಲ್ಲಿ ನಡೆಯುತ್ತಿದ್ದವು. ಒಬ್ಬರು ಆರೋಪ ಮಾಡಬೇಕು, ಇನ್ನೊಬ್ಬರು ಅಲ್ಲಗಳೆಯಬೇಕು, ಸಾಕ್ಷಿ, ಪಾಟೀಸವಾಲು, ಕೊನೆಗೆ ಒಬ್ಬರು ಗೆಲ್ಲಬೇಕು. ಗಡಿ ಕಲ್ಲಿನ ಕೇಸಿಗೆ ಇದು ಸರಿ. ಸರ್ವೆಯವರು ಬಂದು ಅಳೆದರೆ ಗೆರೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಹತ್ತು ವರ್ಷ ಕೇಸು ನಡೆದರೂ ಜಮೀನು ಅಲ್ಲೇ ಇರುತ್ತದೆ.

ಮಗು ಹಾಗಲ್ಲ. ಮೂರನೇ ವರ್ಷದಲ್ಲಿ ಶುರುವಾದ ಕೇಸು ಏಳನೇ ವರ್ಷದಲ್ಲಿ ಮುಗಿದರೆ, ಜಡ್ಜ್ ತೀರ್ಪು ಕೊಡುವ ಹೊತ್ತಿಗೆ ಕೇಸು ಹಾಕಿದಾಗ ಇದ್ದ ಮಗುವೇ ಇರುವುದಿಲ್ಲ. ಬೇರೆ ಹಲ್ಲು, ಬೇರೆ ಭಯ, ಬೇರೆ ಗೆಳೆಯರು.

ಈ ವ್ಯತ್ಯಾಸ ಕಾನೂನು ಬಲ್ಲವರಿಗೆ ತಿಳಿಯದ್ದೇನೂ ಅಲ್ಲ. ಕುಟುಂಬದ ವ್ಯಾಜ್ಯಗಳನ್ನು ಕೋರ್ಟುಗಳು ಬೇರೆ ರೀತಿಯಲ್ಲೇ ನಡೆಸಬೇಕು ಎಂದು ಭಾರತದ ಕಾನೂನು ಆಯೋಗ 1974ರಲ್ಲೇ ತನ್ನ 59ನೇ ವರದಿಯಲ್ಲಿ ಹೇಳಿತ್ತು. ಹತ್ತು ವರ್ಷದ ಮೇಲೆ, 1984ರಲ್ಲಿ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. 10 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ಫ್ಯಾಮಿಲಿ ಕೋರ್ಟ್ ಇರಲೇಬೇಕು, ಉಳಿದ ಕಡೆ ಸರ್ಕಾರ ಅಗತ್ಯ ನೋಡಿಕೊಂಡು ಮಾಡಬಹುದು ಎಂದಿತು. ನಮ್ಮಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿಯಂಥ ಊರುಗಳಲ್ಲಿ ಇವು ಇವೆ. ಇಲ್ಲದ ಕಡೆ ಮಾಮೂಲಿ ಸಿವಿಲ್ ಕೋರ್ಟುಗಳೇ ಈ ಕೇಸುಗಳನ್ನು ನೋಡುತ್ತವೆ.

ಈ ಕಾಯ್ದೆ ಓದಿದಾಗ ನನಗೆ ಆಶ್ಚರ್ಯವಾಯಿತು. ಕೋರ್ಟಿನ ಕಾಯ್ದೆ ಎನಿಸುವುದೇ ಇಲ್ಲ, ಅಷ್ಟು ಮೃದುವಾಗಿದೆ. ಮೊದಲು ರಾಜಿಗೆ ಪ್ರಯತ್ನ ಮಾಡಿ ಎನ್ನುತ್ತದೆ. ಇಬ್ಬರಲ್ಲಿ ಒಬ್ಬರು ಬಯಸಿದರೂ ಬಾಗಿಲು ಮುಚ್ಚಿ ವಿಚಾರಣೆ ನಡೆಸಿ ಎನ್ನುತ್ತದೆ. ಸಾಕ್ಷ್ಯದ ಬಿಗಿ ನಿಯಮಗಳನ್ನು ಸಡಿಲ ಮಾಡುತ್ತದೆ. ಲಾಯರ್ ಇಟ್ಟುಕೊಳ್ಳುವುದು ಇಲ್ಲಿ ಹಕ್ಕಲ್ಲ, ಕೋರ್ಟ್ ಒಪ್ಪಿದರೆ ಮಾತ್ರ. ಜಡ್ಜ್ ಆಗಿ ಬರುವವರಿಗೆ ಮಕ್ಕಳ ಒಳಿತಿನ ಬಗ್ಗೆ ಕಾಳಜಿ ಇರಬೇಕು, ಮಾತುಕತೆಯಿಂದ ಬಗೆಹರಿಸುವ ಅನುಭವ ಇರಬೇಕು, ಆಯ್ಕೆಯಲ್ಲಿ ಮಹಿಳೆಯರಿಗೆ ಆದ್ಯತೆ ಇರಬೇಕು ಎಂದೂ ಬರೆದಿದೆ.

ಮೊದಲು ಕೆಲವು ಪದ

ಕೋರ್ಟಿನಲ್ಲಿ ಕಿವಿಗೆ ಬೀಳುವ ಪದಗಳು ಕೆಲವೇ. ಆದರೆ ಅವು ಒಂದಕ್ಕೊಂದು ಕಲಸಿಹೋಗುತ್ತವೆ.

ಪಾಲಕತ್ವ ಎಂದರೆ ಮಗುವಿನ ಪರವಾಗಿ ದೊಡ್ಡ ನಿರ್ಧಾರ ಮಾಡುವ ಅಧಿಕಾರ. ಆಸ್ತಿ, ಪಾಸ್‌ಪೋರ್ಟ್, ಆಪರೇಷನ್‌ಗೆ ಸಹಿ, ಇಂಥವು. ಕಸ್ಟಡಿ ಎಂದರೆ ಮಗು ದಿನಾ ಯಾರ ಮನೆಯಲ್ಲಿ ಮಲಗಿ ಏಳುತ್ತದೆ ಎಂಬುದು. ಕನ್ನಡದ ಆದೇಶಗಳಲ್ಲಿ ಇದನ್ನು ಸುಪರ್ದಿ ಎಂದೂ ಬರೆಯುತ್ತಾರೆ. ಕಸ್ಟಡಿ ಒಬ್ಬರಿಗೆ ಸಿಕ್ಕರೂ ಪಾಲಕತ್ವ ಇನ್ನೊಬ್ಬರ ಬಳಿಯೇ ಉಳಿಯಬಹುದು. ಭೇಟಿ ಎಂದರೆ ಜೊತೆಯಲ್ಲಿಲ್ಲದ ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ಕಳೆಯುವ ಸಮಯ. ಜೀವನಾಂಶ ಎಲ್ಲರಿಗೂ ಗೊತ್ತು, ಖರ್ಚಿನ ಹಣ.

ಇವೆಲ್ಲದರ ಮೇಲೆ ಇನ್ನೊಂದು ಪದ ಇದೆ: ಮಗುವಿನ ಹಿತ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಿಂದ ಹಿಡಿದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯವರೆಗೆ ಎಲ್ಲ ಕಡೆಯೂ ಅಳತೆಗೋಲು ಇದೇ. 1956ರ ಕಾಯ್ದೆ ಮೊದಲು ತಂದೆಯನ್ನು, ಆಮೇಲೆ ತಾಯಿಯನ್ನು ಸಹಜ ಪಾಲಕರು ಎನ್ನುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದೂ ಹೇಳುತ್ತದೆ. 1999ರಲ್ಲಿ ಸುಪ್ರೀಂ ಕೋರ್ಟ್ ಆ "ಆಮೇಲೆ" ಎಂಬ ಪದಕ್ಕೆ ಬೇರೆ ಅರ್ಥ ಕೊಟ್ಟಿತು. ಅಪ್ಪ ತೀರಿಕೊಂಡ ಮೇಲೆ ಎಂದೇ ಆಗಬೇಕಿಲ್ಲ, ಅಪ್ಪ ಮಗುವಿನ ಹೊಣೆ ಹೊರದೆ ದೂರವಿದ್ದರೂ ತಾಯಿ ಪಾಲಕಿ ಆಗಬಹುದು ಎಂದಿತು. ಅದಕ್ಕೂ ಮುಂಚೆ, 1973ರಲ್ಲೇ, ಮಕ್ಕಳು ಸ್ವತ್ತಲ್ಲ, ಅಪ್ಪ-ಅಮ್ಮನ ಆಟಿಕೆಯೂ ಅಲ್ಲ ಎಂದು ಅದೇ ಕೋರ್ಟ್ ಹೇಳಿತ್ತು.

ಮಾತು ಎಲ್ಲರಿಗೂ ಒಪ್ಪಿಗೆ. ಆದರೆ ಈ ಹಿತ ಯಾವುದರಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಕಷ್ಟ ಶುರುವಾಗುವುದು ಇಲ್ಲಿಂದ.

ಜಡ್ಜ್‌ಗೆ ಕಾಣುವುದು ಎಷ್ಟು?

ಒಬ್ಬ ಜಡ್ಜ್ ಎದುರು ದಿನಕ್ಕೆ ಹತ್ತಾರು ಕೇಸುಗಳು ಬರುತ್ತವೆ. ಮಗುವನ್ನು ಕೊಠಡಿಗೆ ಕರೆಸಿ ಮಾತಾಡಿಸಿದರೂ ಸಿಗುವುದು ಸ್ವಲ್ಪವೇ ಹೊತ್ತು. ಮಗುವಿಗೆ ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಅದರ ಇಷ್ಟವನ್ನು ಕೋರ್ಟ್ ಪರಿಗಣಿಸಬಹುದು ಎಂದು 1890ರ ಕಾಯ್ದೆಯಲ್ಲೇ ಇದೆ. ಇಷ್ಟೇ ವಯಸ್ಸು ಎಂಬ ಗೆರೆ ಇಲ್ಲ. ಆದರೆ ಬೆಳಗ್ಗೆ ಅಮ್ಮನ ಸ್ಕೂಟಿಯಲ್ಲಿ ಬಂದ ಮಗು ಯಾರ ಹೆಸರು ಹೇಳುತ್ತದೆ? ಒಂದು ವಾರ ಅಪ್ಪನ ಮನೆಯಲ್ಲಿ ಇದ್ದು ಬಂದ ಮಗು ಏನು ಹೇಳುತ್ತದೆ? ಇಬ್ಬರನ್ನೂ ಪ್ರೀತಿಸುವ ಮಗುವಿಗೆ ಒಬ್ಬರನ್ನು ಆರಿಸು ಎಂದು ಕೇಳುವುದೇ ಒಂದು ಗಾಯ.

ಇನ್ನು ಜಡ್ಜ್ ಕೈಗೆ ಬರುವ ಕಾಗದಗಳು. ಅರ್ಜಿ, ಆಕ್ಷೇಪಣೆ, ಅಫಿಡವಿಟ್, ವಾಟ್ಸಾಪ್ ಮೆಸೇಜಿನ ಪ್ರಿಂಟು. ಇವನ್ನು ಬರೆದವರು ದೊಡ್ಡವರು. ಗೆಲ್ಲುವುದಕ್ಕಾಗಿ ಬರೆದಿದ್ದು. ಒಬ್ಬರ ಬಗ್ಗೆ ಇನ್ನೊಬ್ಬರು ಎಷ್ಟು ಕೆಟ್ಟದಾಗಿ ಬರೆದರೆ ಅಷ್ಟು ಲಾಭ ಎಂಬ ಲೆಕ್ಕ ಒಳಗೆ ಸೇರಿಬಿಟ್ಟಿರುತ್ತದೆ. ಅಂಥ ಹತ್ತು ಪುಟ ಬರೆದ ಮೇಲೆ ಆ ಇಬ್ಬರೂ ಮಗುವಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಅಕ್ಕಪಕ್ಕ ಕೂರುವುದು ಹೇಗೆ ಹೇಳಿ.

ಮಗುವಿನ ನಿಜವಾದ ಸ್ಥಿತಿ ಗೊತ್ತಿರುವವರು ಬೇರೆಯವರೇ. ದಿನಕ್ಕೆ ಐದಾರು ಗಂಟೆ ಅದನ್ನು ನೋಡುವ ಟೀಚರ್. ಹೊಟ್ಟೆನೋವು ಎಂದು ಪದೇ ಪದೇ ಬರುತ್ತದೆ, ಪರೀಕ್ಷೆ ಮಾಡಿದರೆ ಏನೂ ಇಲ್ಲ ಎಂದು ಗಮನಿಸಿದ ಮಕ್ಕಳ ಡಾಕ್ಟರ್. ಮೊಮ್ಮಗು ರಾತ್ರಿ ಬೆಚ್ಚಿ ಏಳುವುದನ್ನು ಕಂಡ ಅಜ್ಜಿ. ಇವರು ಯಾರೂ ಕೋರ್ಟಿನ ಒಳಗಿಲ್ಲ. ಬಂದರೂ ಒಂದು ಕಡೆಯ ಸಾಕ್ಷಿಯಾಗಿ ಬರುತ್ತಾರೆ. ಹಾಗೆ ಬಂದ ಕೂಡಲೇ ಇನ್ನೊಂದು ಕಡೆಯವರಿಗೆ ಅವರ ಮೇಲೆ ನಂಬಿಕೆ ಹೋಗುತ್ತದೆ.

ಮದುವೆಯನ್ನೇ ನೆನಪಿಸಿಕೊಳ್ಳಿ. ಪುರೋಹಿತರು, ಅಡುಗೆಯವರು, ವಾಲಗದವರು, ಚಪ್ಪರ ಹಾಕುವವರು, ಪಾತ್ರೆ ಕೊಟ್ಟ ಪಕ್ಕದ ಮನೆಯವರು, ಓಡಾಡುವ ಸೋದರಮಾವ. ಒಂದು ಮನೆ ಕಟ್ಟಲು ಇಷ್ಟು ಜನ ಬೇಕು. ಅದೇ ಮನೆ ಎರಡಾಗುವಾಗ ಇಬ್ಬರು ಲಾಯರ್, ಒಬ್ಬ ಜಡ್ಜ್. ಅಷ್ಟೇ. ಫ್ಯಾಮಿಲಿ ಕೋರ್ಟ್ ಸುಧಾರಣೆ ಎಂದಾಗ ಹಲವು ದೇಶಗಳಲ್ಲಿ ಮುಖ್ಯವಾಗಿ ಮಾತಾಡುತ್ತಿರುವುದು ಇದನ್ನೇ: ಎರಡಾಗುವಾಗಲೂ ಮಗುವಿನ ಸುತ್ತ ಜನ ಇರಬೇಕು, ಅವರೆಲ್ಲ ಬೇರೆ ಬೇರೆ ದಿಕ್ಕಿಗೆ ಎಳೆಯದೆ ಒಟ್ಟಿಗೆ ಕೆಲಸ ಮಾಡಬೇಕು.

ಕಾಯ್ದೆಯಲ್ಲೇ ಇರುವ ಬಾಗಿಲುಗಳು

ಇದಕ್ಕೆ ಹೊಸ ಕಾನೂನು ಬೇಕು ಎಂದುಕೊಂಡಿದ್ದೆ. ಆದರೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಈಗಿರುವ ಕಾನೂನಿನಲ್ಲೇ ಇದೆ.

1984ರ ಕಾಯ್ದೆಯ ಸೆಕ್ಷನ್ 5 ನೋಡಿ. ಸಮಾಜ ಸೇವಾ ಸಂಸ್ಥೆಗಳನ್ನು, ಕುಟುಂಬಗಳ ಒಳಿತಿಗಾಗಿ ವೃತ್ತಿಯಾಗಿ ದುಡಿಯುವವರನ್ನು ಫ್ಯಾಮಿಲಿ ಕೋರ್ಟಿನ ಜೊತೆ ಸೇರಿಸಿಕೊಳ್ಳಲು ರಾಜ್ಯ ಸರ್ಕಾರ ಹೈಕೋರ್ಟಿನ ಜೊತೆ ಮಾತಾಡಿ ನಿಯಮ ಮಾಡಬಹುದು. ಸೆಕ್ಷನ್ 6 ಕೌನ್ಸೆಲರ್‌ಗಳ ಬಗ್ಗೆ. ಎಷ್ಟು ಜನ ಬೇಕು, ಎಂಥವರು ಬೇಕು ಎಂದು ಸರ್ಕಾರ ಗೊತ್ತುಮಾಡಿ ಕೋರ್ಟಿಗೆ ಕೊಡಬೇಕು. ಸೆಕ್ಷನ್ 12 ಜಡ್ಜ್‌ಗೆ ಇರುವ ಅಧಿಕಾರ. ಡಾಕ್ಟರ್ ಆಗಲಿ, ಕುಟುಂಬದ ಕ್ಷೇಮ ಬಲ್ಲ ಬೇರೆ ಯಾರೇ ಆಗಲಿ, ಅವರ ನೆರವನ್ನು ಕೋರ್ಟ್ ಕೇಳಿ ಪಡೆಯಬಹುದು. ಹೀಗೆ ಬಂದವರು ಅಪ್ಪನ ಸಾಕ್ಷಿಯೂ ಅಲ್ಲ, ಅಮ್ಮನ ಸಾಕ್ಷಿಯೂ ಅಲ್ಲ. ಕೋರ್ಟಿನ ಸಹಾಯಕರು.

ಸೆಕ್ಷನ್ 5 "ಬಹುದು" ಎಂದು ಬಿಟ್ಟಿದೆ, "ಬೇಕು" ಎಂದಿಲ್ಲ. ಈ ಒಂದು ಪದದಿಂದ ಎಷ್ಟೋ ಕೆಲಸ ನಿಂತಿದೆ ಎಂದು ನನಗೆ ಅನಿಸುತ್ತದೆ. ಒಂದು ಕೋರ್ಟಿನಲ್ಲಿ ಕೌನ್ಸೆಲರ್ ಇರುತ್ತಾರೆ, ಆದರೆ ಅವರಿಗೆ ಪ್ರತ್ಯೇಕ ಕೋಣೆ ಇರುವುದಿಲ್ಲ. ಇನ್ನೊಂದು ಕಡೆ ಮಕ್ಕಳ ಕೋಣೆ ಇರುತ್ತದೆ, ಬೀಗ ಹಾಕಿರುತ್ತದೆ. ಜೊತೆಗೂಡಿ ಕೆಲಸ ಮಾಡುವುದು ಯಾರೋ ಒಬ್ಬ ಆಸಕ್ತ ಜಡ್ಜ್ ಇರುವವರೆಗೆ ನಡೆದು, ಅವರಿಗೆ ವರ್ಗ ಆದ ಮೇಲೆ ನಿಂತುಹೋಗಬಾರದಲ್ವಾ? ಅದಕ್ಕೇ ನಿಯಮ ಬೇಕು, ಹಣ ಬೇಕು, ಹುದ್ದೆ ಬೇಕು.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ 2007ರ ಜನವರಿಯಲ್ಲಿ ಬೆಂಗಳೂರು ಮೀಡಿಯೇಷನ್ ಸೆಂಟರ್ ಶುರುವಾಯಿತು. ಅಲ್ಲಿ ತೀರ್ಪು ಕೊಡುವವರು ಇರುವುದಿಲ್ಲ. ತರಬೇತಿ ಪಡೆದ ಮಧ್ಯಸ್ಥಿಕೆದಾರರು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ನಾಳೆ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ದಾಂಪತ್ಯದ ವ್ಯಾಜ್ಯಗಳಲ್ಲಿ ಮೀಡಿಯೇಷನ್‌ಗೆ ಮನಸ್ಸಿಟ್ಟು ಪ್ರಯತ್ನ ಮಾಡಿ ಎಂದು ಫ್ಯಾಮಿಲಿ ಕೋರ್ಟುಗಳಿಗೆ ಹೇಳಿತು.

ತಜ್ಞರ ಮಾತು ಎಷ್ಟು ಮುಖ್ಯ ಎಂಬುದು 2025ರ ಜುಲೈನಲ್ಲಿ ಕಂಡಿತು. ಒಬ್ಬ ಹುಡುಗನ ಕಸ್ಟಡಿಯನ್ನು ತಂದೆಗೆ ಕೊಟ್ಟು 2024ರಲ್ಲಿ ತಾನೇ ಮಾಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ ಮತ್ತೆ ನೋಡಿ ಬದಲಿಸಿತು. ಹುಡುಗ ತೀವ್ರ ಆತಂಕದಲ್ಲಿದ್ದಾನೆ ಎಂದು ಮನಃಶಾಸ್ತ್ರಜ್ಞರ ವರದಿಗಳು ಹೇಳಿದ್ದವು. ಕಸ್ಟಡಿ ತಾಯಿಯ ಬಳಿ ಉಳಿಯಿತು, ತಂದೆಗೆ ಭೇಟಿಯ ಅವಕಾಶ ಸಿಕ್ಕಿತು. ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಮಗುವಿನ ಹಿತ ಬದಲಾದರೆ ಅದೂ ಬದಲಾಗಬಹುದು. ಆದರೆ ಅಂಥ ವರದಿ ದೇಶದ ಅತಿ ದೊಡ್ಡ ಕೋರ್ಟಿಗೆ ಹೋದ ಮೇಲೆ ಬರುವುದಕ್ಕಿಂತ ಮೊದಲ ಕೋರ್ಟಿನಲ್ಲೇ, ಮೊದಲ ತಿಂಗಳಲ್ಲೇ ಬಂದರೆ ಎಷ್ಟು ಚೆನ್ನ.

ಕೋಖೆಮ್ ಎಂಬ ಸಣ್ಣ ಊರು ಮಾಡಿದ್ದು

ಜರ್ಮನಿಯಲ್ಲಿ ಮೋಸೆಲ್ ನದಿಯ ದಡದಲ್ಲಿ ಕೋಖೆಮ್ ಎಂಬ ಊರಿದೆ. ನಮ್ಮ ಹೋಬಳಿ ಕೇಂದ್ರದಷ್ಟು ಚಿಕ್ಕದು. ಸುತ್ತ ದ್ರಾಕ್ಷಿ ತೋಟ. 1992ರಲ್ಲಿ ಅಲ್ಲಿನ ಕುಟುಂಬ ಜಡ್ಜ್ ಯೂರ್ಗೆನ್ ರುಡೋಲ್ಫ್ ಮತ್ತು ಇನ್ನಿತರರು ಒಂದು ಮೇಜಿನ ಸುತ್ತ ಸೇರಿದರು. ಲಾಯರ್‌ಗಳು, ಸರ್ಕಾರದ ಮಕ್ಕಳ ಕಲ್ಯಾಣ ಕಚೇರಿಯವರು, ಕೌನ್ಸೆಲಿಂಗ್ ಕೇಂದ್ರದವರು, ಮನಃಶಾಸ್ತ್ರಜ್ಞರು. ಒಂದೇ ಮನೆಯ ಜಗಳದಲ್ಲಿ ನಾವೆಲ್ಲ ಬೇರೆ ಬೇರೆ ಕಡೆ ಎಳೆಯುತ್ತಿದ್ದೇವೆ, ಇದರಲ್ಲಿ ಮಗು ಹರಿದುಹೋಗುತ್ತಿದೆ, ಏನು ಮಾಡೋಣ ಎಂದು ಮಾತಾಡಿದರು. ಆ ಕೂಟ ಒಂದು ದಿನಕ್ಕೆ ಮುಗಿಯಲಿಲ್ಲ. ಆಮೇಲೂ ಸೇರುತ್ತಲೇ ಹೋದರು.

ಅವರು ಮಾಡಿಕೊಂಡ ಒಪ್ಪಂದ ಸರಳ. ಲಾಯರ್‌ಗಳು ಅರ್ಜಿಯನ್ನು ಚಿಕ್ಕದಾಗಿ ಬರೆಯಬೇಕು, ಎದುರಿನವರನ್ನು ಬೈಯುವ ಪುಟಗಳು ಬೇಡ. ಅರ್ಜಿ ಬಂದ ಎರಡು ವಾರದಲ್ಲಿ ಮೊದಲ ವಿಚಾರಣೆ ಆಗಬೇಕು. ಅಷ್ಟರಲ್ಲಿ ಮಕ್ಕಳ ಕಚೇರಿಯವರು ಮನೆಯವರ ಜೊತೆ ಮಾತಾಡಿರಬೇಕು. ಅವರು ಉದ್ದದ ವರದಿ ಬರೆಯುವುದಿಲ್ಲ, ಕೋರ್ಟಿಗೇ ಬಂದು ಬಾಯಲ್ಲಿ ಹೇಳುತ್ತಾರೆ. ಕಾಗದದಲ್ಲಿ ಬರೆದಿದ್ದು ಮತ್ತೆ ಜಗಳಕ್ಕೆ ಕಡ್ಡಿ ಗೀರುತ್ತದೆ ಎಂಬ ಕಾರಣಕ್ಕೆ. ಅಪ್ಪ-ಅಮ್ಮ ಒಪ್ಪಂದಕ್ಕೆ ಬರಲಿಲ್ಲವೋ, ಜಡ್ಜ್ ತೀರ್ಪು ಕೊಡಲು ಆತುರಪಡುವುದಿಲ್ಲ. ವಿಚಾರಣೆ ಮುಂದೆ ಹಾಕಿ ಇಬ್ಬರನ್ನೂ ಕೌನ್ಸೆಲಿಂಗ್‌ಗೆ ಕಳಿಸುತ್ತಾರೆ. ಮನಃಶಾಸ್ತ್ರಜ್ಞರಿಗೂ "ಇಬ್ಬರಲ್ಲಿ ಯಾರು ಮೇಲು" ಎಂದಷ್ಟೇ ಕೇಳುವುದಿಲ್ಲ. ಇವರನ್ನು ಒಂದು ದಾರಿಗೆ ತರಲು ಸಹಾಯ ಮಾಡಿ ಎನ್ನುತ್ತಾರೆ.

ಗಮನಿಸಿ, ಇದಕ್ಕೆ ಹೊಸ ಕಾನೂನೂ ಇರಲಿಲ್ಲ, ಹೊಸ ಕಟ್ಟಡವೂ ಇರಲಿಲ್ಲ. ಇದ್ದವರೇ ಒಟ್ಟಿಗೆ ಕೂತರು, ಅಷ್ಟೇ. ಮಗುವಿನ ಮುಂದೆ ಎಲ್ಲರೂ ಒಂದೇ ಮಾತಾಡುತ್ತಾರೆ ಎಂದು ಗೊತ್ತಾದಾಗ ಅಪ್ಪ-ಅಮ್ಮನಿಗೂ ಲಾಯರ್ ಬದಲಿಸಿ, ಕಚೇರಿ ಬದಲಿಸಿ ಜಗಳ ಮುಂದುವರಿಸಲು ಜಾಗ ಇರಲಿಲ್ಲ. ಕಾನೂನು ಆಮೇಲೆ ಬಂತು. 2009ರ ಸೆಪ್ಟೆಂಬರ್ 1ರಿಂದ ಜಾರಿಯಾದ ಜರ್ಮನಿಯ ಕುಟುಂಬ ವಿಚಾರಣಾ ಕಾಯ್ದೆ, ಮಗು ಎಲ್ಲಿರಬೇಕು, ಯಾರನ್ನು ಭೇಟಿ ಮಾಡಬೇಕು ಎಂಬಂಥ ಕೇಸುಗಳಿಗೆ ಆದ್ಯತೆ ಕೊಟ್ಟು ಒಂದು ತಿಂಗಳೊಳಗೆ ಮೊದಲ ವಿಚಾರಣೆ ನಡೆಸಬೇಕು ಎಂದಿತು.

ಹೊಡೆತ ಇರುವ ಮನೆಯಲ್ಲಿ ರಾಜಿ ಎಂದರೆ?

ಕೋಖೆಮ್ ದಾರಿಗೆ ಟೀಕೆಯೂ ಬಂತು. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಇಬ್ಬರೂ ಸಮಾನವಾಗಿ ಮಾತಾಡಬಲ್ಲ ಮನೆಗೆ ಒಟ್ಟಿಗೆ ಕೂರಿಸುವುದು ಒಳ್ಳೆಯದು. ಒಬ್ಬರು ಇನ್ನೊಬ್ಬರನ್ನು ಹೊಡೆಯುವ, ಹೆದರಿಸುವ ಮನೆಯಲ್ಲಿ? ಅಲ್ಲಿ "ಮಗುವಿಗಾಗಿ ಹೊಂದಿಕೊಳ್ಳಿ" ಎಂದು ಒತ್ತಾಯ ಮಾಡಿದರೆ, ಹೆದರಿದವರು ಹೆದರಿಕೆಯಲ್ಲೇ ಸಹಿ ಹಾಕುತ್ತಾರೆ. ನಮ್ಮಲ್ಲಂತೂ "ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ" ಎಂಬ ಮಾತು ಹೆಣ್ಣುಮಕ್ಕಳಿಗೆ ಎಷ್ಟು ಸಲ ಕೇಳಿರುತ್ತದೋ.

ಹಾಗಾಗಿ ಜೊತೆಗೂಡುವವರಲ್ಲಿ ಕೌಟುಂಬಿಕ ಹಿಂಸೆಯ ಬಗ್ಗೆ ಬಲ್ಲವರು ಇರಲೇಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಿಂದ ಡಾರ್ಸೆಟ್ ಮತ್ತು ಉತ್ತರ ವೇಲ್ಸ್‌ನ ಕೋರ್ಟುಗಳಲ್ಲಿ ಶುರುವಾದ ಪಾತ್‌ಫೈಂಡರ್ ಎಂಬ ಪ್ರಯೋಗ ಇದನ್ನು ಮೊದಲೇ ನೋಡಿಕೊಂಡಿತು. ಕೇಸು ಬಂದ ಕೂಡಲೇ ಒಬ್ಬ ಸಮಾಜ ಕಾರ್ಯಕರ್ತರು ಮಗುವಿನ ಬಗ್ಗೆ ವರದಿ ತಯಾರಿಸುತ್ತಾರೆ. ಪೊಲೀಸರ ಬಳಿ, ಸ್ಥಳೀಯ ಆಡಳಿತದ ಬಳಿ ಏನು ಮಾಹಿತಿ ಇದೆ ಎಂದು ಮೊದಲೇ ಕೇಳುತ್ತಾರೆ. ಮಗುವಿಗೆ ಏನು ಅನಿಸುತ್ತಿದೆ ಎಂದೂ ಆಗಲೇ ತಿಳಿದುಕೊಳ್ಳುತ್ತಾರೆ. ಹಿಂಸೆ ಇದ್ದರೆ ಅದರಲ್ಲಿ ಅನುಭವ ಇರುವ ಸಂಸ್ಥೆಯವರು ಜೊತೆಗೆ ಬರುತ್ತಾರೆ. ವಿಚಾರಣೆ ಶುರುವಾಗುವುದು ಇಷ್ಟಾದ ಮೇಲೆ. ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹಿಂಸೆಗೆ ಒಳಗಾದವರಿಗೆ ನೆರವಾಗುವ ಸಂರಕ್ಷಣಾಧಿಕಾರಿಗಳಿದ್ದಾರೆ, ಮಗುವಿನ ತಾತ್ಕಾಲಿಕ ಕಸ್ಟಡಿಗೂ ಆ ಕಾಯ್ದೆಯಲ್ಲಿ ಅವಕಾಶ ಇದೆ. ಆ ಫೈಲು ಒಂದು ಕೋರ್ಟಿನಲ್ಲಿ, ಡೈವೋರ್ಸ್ ಫೈಲು ಇನ್ನೊಂದರಲ್ಲಿ. ಎರಡೂ ಒಂದನ್ನೊಂದು ನೋಡುವುದೇ ಕಷ್ಟ.

ನಮ್ಮ ಮೇಜಿನ ಸುತ್ತ ಯಾರು ಕೂರಬೇಕು?

ಕೌನ್ಸೆಲರ್, ಮೀಡಿಯೇಟರ್, ಲಾಯರ್ ಸಂಘ ಇವರೆಲ್ಲ ಸರಿ. ನನಗೆ ತುಂಬಾ ಮುಖ್ಯ ಎನಿಸುವುದು ಶಾಲೆ. ಟೀಚರ್ ತೀರ್ಪು ಹೇಳಬೇಕಿಲ್ಲ. ಹಾಜರಿ ಹೇಗಿದೆ, ಮಗು ಆಟಕ್ಕೆ ಸೇರುತ್ತಿದೆಯಾ, ಊಟದ ಡಬ್ಬಿ ಖಾಲಿ ಮಾಡುತ್ತಿದೆಯಾ ಎಂದು ಕೋರ್ಟ್ ಕೇಳಿದಾಗ ಹೇಳಿದರೆ ಸಾಕು. ಅದನ್ನು ಯಾರ ಪರವೂ ಅಲ್ಲದೆ ಹೇಳುವ ದಾರಿ ಇರಬೇಕು.

ಆಮೇಲೆ ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ. ಆದರೆ ರಾಯಚೂರಿನ ಮಗುವಿಗೆ, ಚಾಮರಾಜನಗರದ ಮಗುವಿಗೆ ಬೆಂಗಳೂರು ದೂರ. ಜಿಲ್ಲೆಯಲ್ಲೇ ಒಬ್ಬರು ಸಿಗಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಪ್ರತಿ ಜಿಲ್ಲೆಯಲ್ಲೂ ಇದೆ, ಅದನ್ನು ಇಲ್ಲಿಗೆ ಜೋಡಿಸಬಹುದು.

ಕಾನೂನು ಸೇವಾ ಪ್ರಾಧಿಕಾರವನ್ನು ಬಹಳ ಜನ ಮರೆಯುತ್ತಾರೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. ಎಂದರೆ ಮಗುವಿನ ಪರವಾಗಿಯೇ ಮಾತಾಡುವ ಒಬ್ಬ ಲಾಯರ್ ಸಿಗಲು ದಾರಿ ಇದೆ.

ಗಡಿ ದಾಟಿದ ಮನೆಗಳ ಕಥೆ ಇನ್ನೂ ಗೋಜಲು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹುಟ್ಟಿದ ಮಗುವನ್ನು ಒಬ್ಬರು ಇಲ್ಲಿಗೆ ಕರೆತಂದರೆ ಏನು ಎಂಬುದಕ್ಕೆ 1980ರ ಹೇಗ್ ಒಪ್ಪಂದ ಇದೆ, ಭಾರತ ಅದಕ್ಕೆ ಸೇರಿಲ್ಲ. ಅಲ್ಲಿನ ಕೋರ್ಟಿನ ಆದೇಶ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೆ ಕೊನೆಗೆ ಮಗುವಿನ ಹಿತವನ್ನು ಇಲ್ಲಿನ ಕೋರ್ಟೇ ನೋಡುತ್ತದೆ.

ಒಂದು ಒಪ್ಪಂದ ಕಣ್ಣಿಗೆ ಕಾಣುವ ಹಾಗೆ

2013ರಲ್ಲಿ ಕರ್ನಾಟಕ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಂದು ಕೇಸಿನಲ್ಲಿ ಜಂಟಿ ಕಸ್ಟಡಿ ಕೊಟ್ಟಿತು. ಜನವರಿ 1ರಿಂದ ಜೂನ್ 30ರವರೆಗೆ ಮಗು ತಂದೆಯ ಜೊತೆ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಜೊತೆ. ಒಬ್ಬರ ಬಳಿ ಇದ್ದಾಗ ಶನಿವಾರ-ಭಾನುವಾರ ಇನ್ನೊಬ್ಬರ ಭೇಟಿ. ಓದಿನ ಖರ್ಚು ಅರ್ಧ ಅರ್ಧ. ಮಗು ಇನ್ನೊಬ್ಬರ ಜೊತೆ ಫೋನಿನಲ್ಲಿ, ವಿಡಿಯೋದಲ್ಲಿ ಮಾತಾಡಬಹುದು. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಈ ಕೇಸನ್ನು ನೆನೆಯಿತು. ಜಂಟಿ ಕಸ್ಟಡಿ ಕಾನೂನಿನಲ್ಲೇ ಬರಲಿ, ಅಪ್ಪ-ಅಮ್ಮ ಸೇರಿ ಬರೆಯುವ ಪಾಲನೆಯ ಯೋಜನೆ ಇರಲಿ, ಅಜ್ಜ-ಅಜ್ಜಿಗೂ ಸಮಯ ಇರಲಿ ಎಂದು ಶಿಫಾರಸು ಮಾಡಿತು. 2020ರಲ್ಲಿ ಸುಪ್ರೀಂ ಕೋರ್ಟ್, ಅಪ್ಪ-ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಮೂಲ ಮಾನವ ಹಕ್ಕು ಎಂದಿತು.

ಆರು ತಿಂಗಳಿಗೊಮ್ಮೆ ಮನೆ ಬದಲಿಸುವುದು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಮುಖ್ಯವಾದದ್ದು ವಿವರ. "ಭೇಟಿಗೆ ಅವಕಾಶ ಕೊಡಲಾಗಿದೆ" ಎಂದಷ್ಟೇ ಬರೆದರೆ ಪ್ರತಿ ಶನಿವಾರವೂ ಜಗಳ. ಎಷ್ಟು ಗಂಟೆಗೆ, ಎಲ್ಲಿಂದ, ಯಾರು ಕರೆದೊಯ್ಯುವುದು? ದಸರಾ ರಜೆ ಯಾರ ಬಳಿ, ಬೇಸಿಗೆ ರಜೆ ಹೇಗೆ ಹಂಚುವುದು? ಯುಗಾದಿ ಒಂದು ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ ಎಂದಾ? ಜ್ವರ ಬಂದರೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು? ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ ಬರಬಹುದಾ? ಇವನ್ನೆಲ್ಲ ಬರೆದಿಟ್ಟರೆ ಮಗುವಿನ ಮುಂದೆ ಕೂಗಾಡುವ ಸಂದರ್ಭಗಳು ಕಡಿಮೆಯಾಗುತ್ತವೆ.

ಕೇಸಿನಲ್ಲಿ ಇರುವವರು ಈಗಲೇ ಕೇಳಬಹುದಾದ್ದು

ಸುಧಾರಣೆ ಆಗುವವರೆಗೆ ಕಾಯಬೇಕಿಲ್ಲ. ಮಗುವಿನ ಬಗ್ಗೆ ಕೌನ್ಸೆಲರ್ ಅಥವಾ ಮನಃಶಾಸ್ತ್ರಜ್ಞರ ವರದಿ ತರಿಸಿ ಎಂದು ಸೆಕ್ಷನ್ 12ರ ಕೆಳಗೆ ಅರ್ಜಿ ಹಾಕಬಹುದು. ಮಗುವಿನ ಓದು ಮತ್ತು ಖರ್ಚಿನ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಎಂದು ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26 ಹೇಳುತ್ತದೆ. ಅದನ್ನು ಲಾಯರ್‌ಗೆ ನೆನಪಿಸಿ. ಉಚಿತ ಕಾನೂನು ನೆರವಿಗೆ 15100, ಮಗು ಅಪಾಯದಲ್ಲಿದ್ದರೆ 1098. ವಾಯಿದೆ ಇರುವ ದಿನ ಮಗು ಬರಲೇಬೇಕಾ ಎಂದು ಪ್ರತಿ ಸಲವೂ ಕೇಳಿ.

ಈ ಕೊನೆಯ ಪ್ರಶ್ನೆಯನ್ನು ನಮ್ಮ ಪಕ್ಕದ ಮನೆಯಾಕೆಗೆ ಹೇಳಿಕೊಟ್ಟಿದ್ದು ಅಲ್ಲಿನ ಕೌನ್ಸೆಲರ್. ಮೂರನೇ ವಾಯಿದೆಗೆ ಅವರು ಹುಡುಗಿಯ ಜೊತೆ ಅರ್ಧ ಗಂಟೆ ಕೂತು ಚಿತ್ರ ಬರೆಸಿದರು, ಆಮೇಲೆ ಅಪ್ಪ-ಅಮ್ಮ ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿದರು. ಭೇಟಿ ಕೋರ್ಟ್ ಕಾರಿಡಾರಿನಲ್ಲಿ ಬೇಡ, ಹುಡುಗಿ ಭಾನುವಾರ ಹೋಗುವ ಸಂಗೀತದ ಕ್ಲಾಸಿನಿಂದ ಅಪ್ಪ ಕರೆದುಕೊಂಡು ಹೋಗಿ ಸಂಜೆ ಆರಕ್ಕೆ ಅಜ್ಜಿಯ ಮನೆಗೆ ಬಿಡುವುದು ಎಂದು ಒಪ್ಪಿಕೊಂಡರು. ಜಡ್ಜ್ ಅದನ್ನೇ ಆದೇಶದಲ್ಲಿ ಬರೆದರು. ಕೇಸು ಇನ್ನೂ ನಡೆಯುತ್ತಿದೆ. ಹೋದ ತಿಂಗಳ ವಾಯಿದೆಗೂ ನಾನು ಜೊತೆಗೆ ಹೋಗಿದ್ದೆ. ಅಪ್ಪನ ಹೆಸರು ಕೂಗಿದರು, ಅಮ್ಮನ ಹೆಸರು ಕೂಗಿದರು. ಹುಡುಗಿ ಅವತ್ತು ಶಾಲೆಯಲ್ಲಿದ್ದಳು.